ಮತ ಎಣಿಕೆ: ವೇಗವೆಷ್ಟು, ಖಾತರಿಯೆಷ್ಟು?

ಬೆಳಗ್ಗೆ 8ಕ್ಕೆ ಎಣಿಕೆ ಆರಂಭವಾದರೆ ಮಧ್ಯಾಹ್ನದ ಹೊತ್ತಿಗೆ ಗೆದ್ದವರು ಯಾರೆಂಬುದು ಬಹುತೇಕ ತಿಳಿದಿರುತ್ತದೆ. 2004ರ ಲೋಕಸಭಾ ಚುನಾವಣೆ ದೇಶದಾದ್ಯಂತ ವಿದ್ಯುನ್ಮಾನ ಮತಯಂತ್ರಗಳಲ್ಲಿ ನಡೆದ ಮೇಲೆ ಈ ವೇಗ ನಮಗೆ ಅಭ್ಯಾಸವಾಗಿದೆ. ವೇಗ ಬೇಕು, ನಿಜ. ತಡವಾದಷ್ಟೂ ವದಂತಿಗಳು ಹಬ್ಬುತ್ತವೆ. ಆದರೆ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗೆ ಕೇಳುವ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು: ಉತ್ತರ ಬಂತು, ಅದನ್ನು ತಾಳೆ ನೋಡಿದಿರಾ?

ತಾಳೆ ನೋಡಲು ವಿವಿಪ್ಯಾಟ್ ಇದೆ. ಗುಂಡಿ ಒತ್ತಿದೊಡನೆ ಅಭ್ಯರ್ಥಿಯ ಚಿಹ್ನೆಯುಳ್ಳ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ ಆರಿಸಿದ 5 ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ಹೋಲಿಸಬೇಕೆಂದು ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅರ್ಧದಷ್ಟನ್ನಾದರೂ ಎಣಿಸಿ ಎಂಬ ಬೇಡಿಕೆಗೆ ಚುನಾವಣಾ ಆಯೋಗದ ಉತ್ತರ, ಫಲಿತಾಂಶ 5 ದಿನಕ್ಕೂ ಹೆಚ್ಚು ತಡವಾಗುತ್ತದೆ ಎಂಬುದಾಗಿತ್ತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು ಕೋರ್ಟ್ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು.

ಹಾಗಾದರೆ 5 ಸಾಕೇ? 2019ರಲ್ಲಿ ಸಂಖ್ಯಾಶಾಸ್ತ್ರಜ್ಞರು ಆಯೋಗಕ್ಕೆ ಕೊಟ್ಟ ವರದಿಯಂತೆ, ದೇಶದ 10.35 ಲಕ್ಷ ಯಂತ್ರಗಳಲ್ಲಿ 479ನ್ನು ಪರೀಕ್ಷಿಸಿ ಒಂದೂ ತಪ್ಪದಿದ್ದರೆ, ದೋಷವುಳ್ಳವು ಶೇಕಡ 2ಕ್ಕಿಂತ ಕಡಿಮೆ ಎಂದು 99.99ಕ್ಕೂ ಹೆಚ್ಚು ಶೇಕಡ ಭರವಸೆಯಿಂದ ಹೇಳಬಹುದು. 0.98ರ 479ನೇ ಘಾತವನ್ನು ಕಂಡುಹಿಡಿಯಿರಿ. ಲೆಕ್ಕ ಸರಿಯಾಗಿಯೇ ಇದೆ. ಈಗ ಪರೀಕ್ಷಿಸುತ್ತಿರುವುದು ದೇಶದಲ್ಲಿ ಒಟ್ಟು 20,000ಕ್ಕೂ ಹೆಚ್ಚು. ಆದರೆ ಗೆಲುವು ತೀರ್ಮಾನವಾಗುವುದು ಆಯಾ ಕ್ಷೇತ್ರದಲ್ಲಿ, ದೇಶದ ಸರಾಸರಿಯಲ್ಲಿ ಅಲ್ಲ.

ತರಗತಿಯಲ್ಲೇ ಮಾಡಿ ನೋಡಿ. 250 ಹುಣಿಸೆ ಬೀಜ ತೆಗೆದುಕೊಂಡು 5ಕ್ಕೆ ಸುಣ್ಣ ಬಳಿಯಿರಿ. ಕಣ್ಣು ಮುಚ್ಚಿ 5 ಬೀಜ ಎತ್ತಿ. ಸುಣ್ಣದ ಬೀಜ ಒಂದೂ ಸಿಗದಿರುವ ಸಂಭವ ಸುಮಾರು ಶೇಕಡ 90! ಅಂದರೆ 250 ಯಂತ್ರಗಳ ಕ್ಷೇತ್ರದಲ್ಲಿ 5 ಕೆಟ್ಟಿದ್ದರೆ ಅವು ಕಣ್ಣು ತಪ್ಪಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಅಂತರ ದೊಡ್ಡದಿದ್ದರೆ ಐದಾರು ಯಂತ್ರಗಳ ದೋಷದಿಂದ ಫಲಿತಾಂಶ ಬದಲಾಗದು. ಆದರೆ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಅಂತರ 1 ಮತ, ಜಯನಗರದಲ್ಲಿ 2023ರಲ್ಲಿ 16 ಮತ. ಇಂತಹ ಕಡೆ ಒಂದು ಯಂತ್ರವೇ ಸಾಕು. ಈ ಕ್ಷೇತ್ರಗಳಲ್ಲಿ ಯಂತ್ರ ತಪ್ಪಿತ್ತೆಂದು ನಾನು ಹೇಳುತ್ತಿಲ್ಲ. ಎಲ್ಲ ಕ್ಷೇತ್ರಗಳಿಗೂ ಒಂದೇ ಅಳತೆಯ ಮಾದರಿ ಅವೈಜ್ಞಾನಿಕ ಎನ್ನುತ್ತಿದ್ದೇನೆ.

ಇನ್ನು ತಡದ ಮಾತು. ಒಂದು ಮತಗಟ್ಟೆಯ ಚೀಟಿಗಳಿಗೆ ಒಂದು ಗಂಟೆ ಎಂದಿಟ್ಟುಕೊಳ್ಳಿ. 250ರ ಅರ್ಧಕ್ಕೆ 125 ಗಂಟೆ, ಅಂದರೆ 5.2 ದಿನ. ಆದರೆ ಇದು ಒಂದೇ ಮೇಜಿನಲ್ಲಿ ಒಂದಾದ ಮೇಲೊಂದು ಎಣಿಸಿದರೆ ಬರುವ ಉತ್ತರ. ಕ್ಷೇತ್ರಕ್ಕೆ ಸಾಮಾನ್ಯವಾಗಿ ಹಾಕುವ 14 ಮೇಜುಗಳಲ್ಲಿ ಎಣಿಸಿದರೆ ಪೂರ್ತಿ 250ಕ್ಕೂ ಸುಮಾರು 18 ಗಂಟೆ ಸಾಕು.

ಅಮೆರಿಕದ ಕೊಲರಾಡೊ ರಾಜ್ಯ 2017ರಿಂದ ಗೆಲುವಿನ ಅಂತರಕ್ಕೆ ತಕ್ಕಂತೆ ಮಾದರಿಯ ಗಾತ್ರ ನಿಗದಿಪಡಿಸಿ ಮತಪತ್ರಗಳನ್ನು ತಾಳೆ ನೋಡುತ್ತಿದೆ. ಅಂತರ ಕಿರಿದಾದರೆ ಮಾದರಿ ಹಿರಿದು. ನಮ್ಮಲ್ಲೂ ಅಂತಹ ನಿಯಮ ಬೇಕು. ಬಹುಪಾಲು ಕ್ಷೇತ್ರಗಳ ಫಲಿತಾಂಶ ಅದೇ ದಿನ ಅಥವಾ ಮರುದಿನ ಬರಲಿ. ಅಂತರ ತೀರ ಕಡಿಮೆಯಿರುವ ಕೆಲವು ಕಡೆ ಎಲ್ಲ ಚೀಟಿಗಳನ್ನೂ ಎಣಿಸಿದ ಮೇಲೆ ಘೋಷಿಸಲಿ. 5 ವರ್ಷದ ಅಧಿಕಾರ ಕೊಡುವ ಮುನ್ನ ಎರಡು ದಿನ ಕಾಯುವುದು ಹೆಚ್ಚೇ? ನೀವೇ ಹೇಳಿ.