ತಾಡಪತ್ರವಾಚನದಲ್ಲಿ ಅವಕೆಂಪು ಶೋಧಕ: ಪಾಠಸಂಪಾದನೆಯ ದೃಷ್ಟಿಯಿಂದ ಒಂದು ವಿಮರ್ಶೆ

ಪ್ರಾಚೀನ ಗ್ರಂಥಗಳ ಪಾಠನಿರ್ಣಯದಲ್ಲಿ ಒಂದೇ ಒಂದು ಪದದ ಭಾವಾಭಾವಗಳು ಎಷ್ಟು ದೊಡ್ಡ ಶಾಸ್ತ್ರಚರ್ಚೆಗೆ ಎಡೆಮಾಡಿಕೊಡಬಲ್ಲವೆಂಬುದು ಜೈನ ವಿದ್ವಾಂಸರಿಗೆ ಅಪರಿಚಿತವಾದ ವಿಷಯವಲ್ಲ. ಷಟ್ಖಂಡಾಗಮದ ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವಿರಬೇಕೆ ಬೇಡವೆ ಎಂಬ ಪ್ರಶ್ನೆಯೇ ಇದಕ್ಕೆ ನಿದರ್ಶನ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಧವಲಾಟೀಕಾಸಹಿತವಾದ ಪ್ರಥಮ ಸಂಪುಟ ಹೊರಬಂದಾಗ ಸಂಪಾದಕರ ಕೈಯಲ್ಲಿದ್ದುದು ಮೂಡಬಿದಿರೆಯ ತಾಡಪತ್ರಗಳಲ್ಲ, ಅವುಗಳಿಂದ ಇಳಿದುಬಂದ ಕಾಗದದ ಪ್ರತಿಗಳು. ಆ ಪ್ರತಿಗಳಲ್ಲಿ ಈ ಪದವಿರಲಿಲ್ಲ. ಅರ್ಥಸಂಗತಿಯ ಬಲದಿಂದ ಅದು ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮನುಷ್ಯಿಣಿಯರ ಗುಣಸ್ಥಾನಗಳಿಗೆ ಸಂಬಂಧಪಟ್ಟ ಈ ಸೂಚನೆಯಿಂದ ಪಂಡಿತವರ್ಗದಲ್ಲಿ ತೀವ್ರವಾದ ವಾದವಿವಾದ ಹುಟ್ಟಿತು. ಮುಂದೆ ಮೂಡಬಿದಿರೆಯ ತಾಡಪತ್ರವನ್ನೇ ಪರಿಶೀಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಊಹೆಗೂ ತರ್ಕಕ್ಕೂ ಕೊನೆಯ ಆಶ್ರಯ ಮೂಲದ ಗರಿಯೇ ಎಂಬುದು ಈ ಪ್ರಸಂಗದ ಪಾಠ.

ಆದರೆ ಆ ಗರಿಯೇ ಕಪ್ಪಾಗಿ ಓದಲು ಬಾರದಿದ್ದರೆ ಗತಿಯೇನು? ಕರ್ನಾಟಕದ ಮಠ, ಬಸದಿ, ಮನೆತನಗಳ ಭಂಡಾರಗಳಲ್ಲಿ ಇಂತಹ ಗರಿಗಳಿಗೆ ಕೊರತೆಯಿಲ್ಲ. ವಯಸ್ಸಿನಿಂದ ಕಂದಿದವು ಕೆಲವು. ರಕ್ಷಣೆಯ ಸದುದ್ದೇಶದಿಂದಲೇ ಮತ್ತೆ ಮತ್ತೆ ಎಣ್ಣೆ ಸವರಿದ್ದರಿಂದ ಕಗ್ಗಂದು ಬಣ್ಣಕ್ಕೆ ತಿರುಗಿದವು ಹಲವು. ಇವುಗಳ ವಾಚನಕ್ಕೆ ಈಚಿನ ದಶಕಗಳಲ್ಲಿ ಒದಗಿಬಂದಿರುವ ಸಾಧನವೆಂದರೆ ಡಿಜಿಟಲ್ ಕ್ಯಾಮರಾದ ಮಸೂರದ ಮುಂದೆ ತೊಡಿಸುವ ಅವಕೆಂಪು ಶೋಧಕ, ಅಂದರೆ ರೂಢಿಯಲ್ಲಿ ಇನ್‌ಫ್ರಾರೆಡ್ ಫಿಲ್ಟರ್ ಎನಿಸಿಕೊಂಡಿರುವ ಗಾಜು. ಈ ಸಾಧನದ ಪ್ರಶಂಸೆ ಈಗಾಗಲೇ ಸಾಕಷ್ಟು ನಡೆದಿದೆ. ಅದರಿಂದ ದೊರೆಯುವ ಚಿತ್ರಕ್ಕೆ ಪಾಠಸಂಪಾದನೆಯಲ್ಲಿ ಎಷ್ಟು ಪ್ರಾಮಾಣ್ಯವನ್ನು ಕೊಡಬಹುದೆಂಬ ವಿಚಾರ ಮಾತ್ರ ಆಗಬೇಕಾದಷ್ಟು ಆಗಿಲ್ಲ.

ಮೊದಲು ಸಾಧನದ ಸ್ವರೂಪ. ಮನುಷ್ಯನ ಕಣ್ಣು ಸುಮಾರು ೪೦೦ರಿಂದ ೭೦೦ ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಗ್ರಹಿಸುತ್ತದೆ. ಕೆಂಪಿನಾಚೆಗಿನ ಅದೃಶ್ಯ ಕಿರಣಗಳೇ ಅವಕೆಂಪು ಕಿರಣಗಳು. ಇವುಗಳಿಂದ ತೆಗೆದ ಛಾಯಾಚಿತ್ರಗಳನ್ನು ರಾಬರ್ಟ್ ವುಡ್ ಎಂಬ ಅಮೆರಿಕದ ಭೌತವಿಜ್ಞಾನಿ ೧೯೧೦ರಲ್ಲೇ ಪ್ರಕಟಿಸಿದ್ದನು. ಡಿಜಿಟಲ್ ಕ್ಯಾಮರಾದ ಸಿಲಿಕಾನ್ ಸಂವೇದಕವು ಸ್ವಭಾವತಃ ಸುಮಾರು ೧೧೦೦ ನ್ಯಾನೋಮೀಟರ್‌ವರೆಗಿನ ಕಿರಣಗಳನ್ನು ಗ್ರಹಿಸಬಲ್ಲದು. ಆದರೆ ಸಾಮಾನ್ಯ ಚಿತ್ರಗಳ ಬಣ್ಣ ಕೆಡಬಾರದೆಂದು ತಯಾರಕರು ಅದರ ಮುಂದೆ ಅವಕೆಂಪನ್ನು ತಡೆಯುವ ಇನ್ನೊಂದು ಗಾಜನ್ನು ಕೂಡಿಸಿರುತ್ತಾರೆ. ಹೀಗಾಗಿ ಸಾಮಾನ್ಯ ಕ್ಯಾಮರಾಕ್ಕೆ ಶೋಧಕವನ್ನು ತೊಡಿಸಿದರೆ ಹೊರಗಿನ ಗಾಜು ಅವಕೆಂಪನ್ನಷ್ಟೇ ಒಳಕ್ಕೆ ಬಿಡುತ್ತದೆ, ಒಳಗಿನ ಗಾಜು ಅದನ್ನೇ ತಡೆಯುತ್ತದೆ. ಅಳಿದುಳಿದ ಬೆಳಕಿನಿಂದ ಚಿತ್ರ ಮೂಡಬೇಕಾದರೆ ಅನೇಕ ಸೆಕೆಂಡುಗಳೇ ಹಿಡಿಯುತ್ತವೆ. ಒಳಗಾಜನ್ನು ತೆಗೆಸಿದ ಕ್ಯಾಮರಾದಲ್ಲಿ ಈ ತೊಡಕಿಲ್ಲ. ಶೋಧಕಗಳಲ್ಲಿಯೂ ಭೇದಗಳುಂಟು: ಹೋಯಾ ಆರ್ ೭೨ ಎಂಬುದು ಸುಮಾರು ೭೨೦ ನ್ಯಾನೋಮೀಟರ್‌ನಿಂದಾಚೆಗಿನ ಕಿರಣಗಳನ್ನು ಬಿಟ್ಟುಕೊಟ್ಟರೆ, ಕೊಡಾಕ್ ರ್‍ಯಾಟನ್ ೮೭ಸಿ ಎಂಬುದು ಸುಮಾರು ೮೫೦ರ ಆಚೆಗಿನವನ್ನು ಬಿಡುತ್ತದೆ.

ತಾಡಪತ್ರಕ್ಕೆ ಇದರಿಂದಾಗುವ ಉಪಕಾರದ ಮರ್ಮ ಮಸಿಯಲ್ಲಿದೆ. ಕಂಠದಿಂದ ಕೊರೆದ ಅಕ್ಷರಗಳಿಗೆ ತುಂಬುವ ದೀಪದ ಕಾಡಿಗೆ ಶುದ್ಧ ಇಂಗಾಲ. ಇಂಗಾಲವು ಕಣ್ಣಿಗೆ ಕಾಣುವ ಬೆಳಕನ್ನು ಹೀರುವಂತೆಯೇ ಅವಕೆಂಪನ್ನೂ ಹೀರುತ್ತದೆ. ಆದ್ದರಿಂದ ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ. ಕಂದಿದ ಗರಿಯಾದರೋ, ಅದಕ್ಕಂಟಿದ ಹಳೆಯ ಎಣ್ಣೆಯಾದರೋ ಅವಕೆಂಪನ್ನು ಹೆಚ್ಚಾಗಿ ಪ್ರತಿಫಲಿಸುವುದರಿಂದ ಬೆಳ್ಳಗೆ ತೋರುತ್ತವೆ. ಕಪ್ಪಿನ ಮೇಲೆ ಕಪ್ಪಾಗಿದ್ದುದು ಬಿಳಿಯ ಮೇಲೆ ಕಪ್ಪಾಗುತ್ತದೆ. ೧೯೪೭ರಿಂದೀಚೆಗೆ ದೊರೆತ ಮೃತಸಮುದ್ರದ ಸುರುಳಿಗಳ ಕಪ್ಪಾದ ಚರ್ಮಪತ್ರಗಳನ್ನು ಜೆರುಸಲೆಮಿನಲ್ಲಿ ನಜೀಬ್ ಆಲ್ಬಿನಾ ಎಂಬ ಛಾಯಾಗ್ರಾಹಕನು ಅವಕೆಂಪು ಫಿಲ್ಮಿನ ಮೇಲೆ ಸೆರೆಹಿಡಿದುದೂ ಈ ತತ್ತ್ವದಿಂದಲೇ.

ಕರ್ನಾಟಕದಲ್ಲಿ ಈ ಕ್ರಮ ಫಲಕೊಟ್ಟ ಪ್ರಸಿದ್ಧ ಉದಾಹರಣೆ ಉಡುಪಿಯದು. ಮಧ್ವಾಚಾರ್ಯರ ಸರ್ವಮೂಲಗ್ರಂಥಗಳ ತಾಡಪತ್ರ ಪ್ರತಿಯೊಂದನ್ನು ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ. ಆರ್. ಮುಕುಂದ, ರೋಜರ್ ಈಸ್ಟನ್ ಇವರೂ ಕೀತ್ ನಾಕ್ಸ್ ಎಂಬ ವಿಜ್ಞಾನಿಯೂ ಅವಕೆಂಪು ಶೋಧಕವುಳ್ಳ ಡಿಜಿಟಲ್ ಕ್ಯಾಮರಾದಿಂದ ಚಿತ್ರಿಸಿದರು. ೨೦೦೬ರಲ್ಲಿ ಇದರ ವಿವರಗಳು ಹೊರಬಂದವು. ಸುಮಾರು ೩೪೦ ಗರಿಗಳು; ಒಂದೊಂದೂ ೨೬ ಅಂಗುಲ ಉದ್ದ, ೨ ಅಂಗುಲ ಅಗಲ; ಎಣ್ಣೆಯಿಂದ ಕಗ್ಗಂದಾದವು. ಒಂದು ಗರಿಯನ್ನು ಎಂಟು ಹತ್ತು ಭಾಗಗಳಾಗಿ ಚಿತ್ರಿಸಿ, ಆ ಭಾಗಗಳನ್ನು ಗಣಕಯಂತ್ರದಲ್ಲಿ ಜೋಡಿಸಿದರು. ಒಟ್ಟು ಚಿತ್ರಗಳ ಸಂಖ್ಯೆ ಸುಮಾರು ೭,೯೦೦. ಪರಂಪರೆ ಬೇರೆಯಾದರೂ ಗರಿಯೂ ಮಸಿಯೂ ಒಂದೇ ನಾಡಿನವಾದ್ದರಿಂದ ಜೈನ ಭಂಡಾರಗಳಿಗೆ ಈ ಪ್ರಯತ್ನ ಆದರಣೀಯವಾದ ಮಾದರಿ.

ಆದರೆ ಈ ಮಾದರಿಯನ್ನು ಎಲ್ಲ ಪ್ರತಿಗಳಿಗೂ ವಿವೇಚನೆಯಿಲ್ಲದೆ ಅನ್ವಯಿಸುವುದು ಸಾಧುವಲ್ಲ. ಇದೇ ಈಸ್ಟನ್ ಮತ್ತು ನಾಕ್ಸ್ ಅವರು, ೧೯೯೮ರಲ್ಲಿ ಹರಾಜಾದ ಆರ್ಕಿಮಿಡೀಸನ ಗ್ರೀಕ್ ಚರ್ಮಪತ್ರ ಗ್ರಂಥದ ಅಳಿಸಿಹೋದ ಅಕ್ಷರಗಳನ್ನು ಓದುವ ಕಾರ್ಯದಲ್ಲಿಯೂ ತೊಡಗಿದ್ದರು. ಅಲ್ಲಿಯ ಶಾಯಿ ಕಬ್ಬಿಣದ ಲವಣದಿಂದಾದುದು. ಅಂತಹ ಶಾಯಿ ಅವಕೆಂಪಿನಲ್ಲಿ ಕ್ಷೀಣಿಸಿ ಕೊನೆಗೆ ಕಾಣದಾಗುತ್ತದೆ. ಆದ್ದರಿಂದ ಅಲ್ಲಿ ನೆರವಾದುದು ಮುಖ್ಯವಾಗಿ ಅತಿನೇರಳೆ ಬೆಳಕು. ಒಬ್ಬರೇ ವಿಜ್ಞಾನಿಗಳು ಎರಡು ಗ್ರಂಥಗಳಿಗೆ ಎರಡು ಬೆಳಕುಗಳನ್ನು ಬಳಸಿದರು. ಯಾವ ಬೆಳಕು ಬೇಕೆಂಬುದನ್ನು ನಿರ್ಣಯಿಸುವುದು ಉಪಕರಣವಲ್ಲ, ಮಸಿ. ಮಸಿಯನ್ನು ಪರೀಕ್ಷಿಸದೆ ಶೋಧಕವನ್ನು ತೊಡಿಸುವುದು ನಿದಾನವಿಲ್ಲದ ಚಿಕಿತ್ಸೆಗೆ ಸಮಾನ.

ಜೈನ ಭಂಡಾರಗಳ ಪ್ರತಿಗಳಿಗೆ ಇದನ್ನು ಅನ್ವಯಿಸಿ ನೋಡಿದರೆ ಐದು ಸಂಗತಿಗಳು ವಿಚಾರಾರ್ಹವಾಗಿವೆ.

ಒಂದನೆಯದು, ಕಾಡಿಗೆ ತುಂಬದೆ ಕೊರೆದಷ್ಟಕ್ಕೇ ಬಿಟ್ಟ ಗರಿಗಳು, ಕಾಡಿಗೆಯಿಲ್ಲದೆ ಬರಿಯ ಸೊಪ್ಪಿನ ರಸವನ್ನು ಹಚ್ಚಿದ ಗರಿಗಳು. ಇಲ್ಲಿ ಇಂಗಾಲವೇ ಇಲ್ಲವಾದ್ದರಿಂದ ಶೋಧಕದಿಂದ ಲಾಭವಿಲ್ಲ. ಸೊಪ್ಪಿನ ರಸದ ಕಪ್ಪು ಗರಿಯ ಕಂದಿನೊಡನೆಯೇ ಮಾಯವಾಗುವ ಸಂಭವವುಂಟು. ಕೊರೆತದ ಗೆರೆಗಳಿಗೆ ಪಕ್ಕದಿಂದ ಓರೆಯಾಗಿ ಬೀಳುವ ಸಾಮಾನ್ಯ ಬೆಳಕೇ ಹೆಚ್ಚು ಉಪಕಾರಿ.

ಎರಡನೆಯದು, ದೀಪಧೂಪಗಳ ಹೊಗೆ. ತಲೆಮಾರುಗಳ ಕಾಲ ಬಸದಿಯ ದೀಪದ ಬಳಿ ಇದ್ದ ಕಟ್ಟುಗಳಿಗೆ ಹತ್ತಿರುವ ಮಸಿಯೂ ಇಂಗಾಲವೇ. ಎಣ್ಣೆಯ ಕಲೆ ಅವಕೆಂಪಿನಲ್ಲಿ ಅಳಿಯುವಂತೆ ಹೊಗೆಯ ಕಲೆ ಅಳಿಯುವುದಿಲ್ಲ. ಅದು ಅಕ್ಷರದಷ್ಟೇ ಕಪ್ಪಾಗಿ ನಿಲ್ಲುತ್ತದೆ.

ಮೂರನೆಯದು, ಬಣ್ಣಗಳು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಪ್ರತಿಗಳಲ್ಲಿ ವರ್ಣಚಿತ್ರಗಳಿರುವುದು ಸರ್ವವಿದಿತ. ಅವಕೆಂಪು ಚಿತ್ರದಲ್ಲಿ ಬಣ್ಣವೆಂಬುದೇ ಇಲ್ಲ. ಅಲ್ಲಿ ಕಪ್ಪು ಬಿಳಿಗಳ ತರತಮ ಮಾತ್ರ. ಕಾಗದದ ಪ್ರತಿಗಳಲ್ಲಿ ಪದ್ಯಸಂಖ್ಯೆ, ದಂಡ, ಅಧಿಕಾರಸಮಾಪ್ತಿ ಮೊದಲಾದವನ್ನು ಹಿಂಗುಳದ ಕೆಂಪಿನಿಂದ ಬರೆಯುವ ವಾಡಿಕೆಯುಂಟು. ಹಿಂಗುಳವು ಅವಕೆಂಪನ್ನು ಕಾಗದದಂತೆಯೇ ಪ್ರತಿಫಲಿಸುವುದರಿಂದ ಇವೆಲ್ಲ ಚಿತ್ರದಿಂದ ಅಳಿದುಹೋಗುತ್ತವೆ. ಅಂತಹ ಚಿತ್ರವನ್ನು ಮಾತ್ರ ನೋಡಿದವನು, ಲಿಪಿಕಾರನು ಪದ್ಯಸಂಖ್ಯೆಯನ್ನೇ ಹಾಕಿಲ್ಲವೆಂದು ಬರೆದರೆ ಆಶ್ಚರ್ಯವಿಲ್ಲ.

ನಾಲ್ಕನೆಯದು ಇನ್ನೂ ಸೂಕ್ಷ್ಮವಾದುದು. ತಪ್ಪಿದ ಅಕ್ಷರದ ಮೇಲೆ ಹರಿತಾಳವನ್ನು ಸವರಿ ತಿದ್ದುವುದು ಕಾಗದದ ಪ್ರತಿಗಳಲ್ಲಿ ಸಾಮಾನ್ಯ. ಹರಿತಾಳದ ಲೇಪ ತೆಳುವಾಗಿದ್ದರೆ ಅದರಡಿಯ ಕಾಡಿಗೆಯ ಅಕ್ಷರ ಅವಕೆಂಪಿನಲ್ಲಿ ಮೇಲೆದ್ದು ತೋರಬಹುದು. ಲಿಪಿಕಾರನು ತ್ಯಜಿಸಿದ ಪಾಠ ಹೀಗೆ ಅವನು ಸ್ವೀಕರಿಸಿದ ಪಾಠದಂತೆ ಕಾಣಿಸಿಕೊಳ್ಳುತ್ತದೆ. ತಿದ್ದುವ ಮೊದಲಿನ ಪಾಠವನ್ನು ತಿಳಿಯಲು ಇದು ಅಮೂಲ್ಯ ಸಾಧನ. ಆದರೆ ತಿದ್ದುಪಡಿ ನಡೆದಿದೆಯೆಂಬ ಅರಿವಿಲ್ಲದ ಸಂಪಾದಕನಿಗೆ ಇದೇ ಮೋಸದ ಬಲೆ.

ಐದನೆಯದು ಬಿಂದು. ಹಳಗನ್ನಡ ಲಿಪಿಯ ಪ್ರಾಕೃತ ಪ್ರತಿಗಳಲ್ಲಿ ದ್ವಿತ್ವವನ್ನು ಹಿಂದಿನ ಅಕ್ಷರದ ಮುಂದೆ ಬಿಂದುವಿಟ್ಟು ಸೂಚಿಸುವ ಪದ್ಧತಿಯನ್ನು ಬಲ್ಲವರಿಗೆ ಇದರ ಗುರುತ್ವವನ್ನು ವಿವರಿಸಬೇಕಾಗಿಲ್ಲ. ‘ಸಂತ’ ಎಂದು ಬರೆದುದನ್ನು ಏಳು ಎಂಬ ಅರ್ಥದ ‘ಸತ್ತ’ ಎಂದೂ ಓದಬಹುದು, ಇರುವ ಎಂಬ ಅರ್ಥದ ‘ಸಂತ’ ಎಂದೂ ಓದಬಹುದು. ಪ್ರಕರಣವೇ ಇಲ್ಲಿ ನಿರ್ಣಾಯಕ. ಇಂತಹ ಕಡೆ ಹುಳು ಕೊರೆದ ಒಂದು ಸಣ್ಣ ರಂಧ್ರ ಏನು ಮಾಡೀತು? ಗರಿಯನ್ನು ಕಪ್ಪು ಹಾಸಿನ ಮೇಲಿಟ್ಟು ಚಿತ್ರಿಸಿದರೆ ಬೆಳ್ಳಗಾದ ಗರಿಯ ನಡುವೆ ರಂಧ್ರವು ಅಚ್ಚುಕಟ್ಟಾದ ಕಪ್ಪು ಬಿಂದುವಾಗುತ್ತದೆ. ಬಿಳಿಯ ಹಾಸಿನ ಮೇಲಿಟ್ಟರೆ, ನಿಜವಾದ ಬಿಂದುವಿದ್ದ ಸ್ಥಳವನ್ನೇ ಹುಳು ತಿಂದಿದ್ದರೂ ಅಲ್ಲಿ ಏನೂ ಇರಲಿಲ್ಲವೆಂಬ ಭ್ರಾಂತಿ ಹುಟ್ಟುತ್ತದೆ. ಕಣ್ಣೆದುರಿನ ಗರಿಯಲ್ಲಿ ರಂಧ್ರವನ್ನು ರಂಧ್ರವೆಂದು ಗುರುತಿಸಲು ಕ್ಷಣವೂ ಬೇಡ. ಶೋಧಕ ಕಲೆಗಳನ್ನು ಅಳಿಸುವಾಗ, ಇದು ರಂಧ್ರ, ಇದು ಕಲೆ, ಇದು ಅಕ್ಷರ ಎಂದು ವಿಂಗಡಿಸಿ ಹೇಳುತ್ತಿದ್ದ ಬಣ್ಣದ ಸಾಕ್ಷ್ಯವನ್ನೂ ಅಳಿಸಿಬಿಡುತ್ತದೆ.

ಇದರ ಮೇಲೆ ಗಣಕಯಂತ್ರದ ಸಂಸ್ಕಾರ ಬೇರೆ. ಚಿತ್ರದ ತರತಮವನ್ನು ಹಿಗ್ಗಿಸಿ, ಬೂದು ಬಣ್ಣವನ್ನೆಲ್ಲ ಕಪ್ಪು ಅಥವಾ ಬಿಳಿ ಎಂದು ಎರಡಾಗಿ ಒಡೆದರೆ ಪುಟ ಅಚ್ಚಿನಂತೆ ಕಾಣುತ್ತದೆ, ನಿಜ. ಆದರೆ ಎಲ್ಲಿ ಒಡೆಯಬೇಕೆಂಬ ಮಿತಿಯನ್ನು ಗೊತ್ತುಮಾಡಿದವರು ಯಾರು? ಆ ಮಿತಿಗಿಂತ ಒಂದಿಷ್ಟು ತೆಳುವಾಗಿದ್ದ ತಲೆಕಟ್ಟು, ಮಾಸಿದ ದೀರ್ಘ, ಮಹಾಪ್ರಾಣದ ಸೀಳು ಅಲ್ಲಿಯೇ ಕಳೆದುಹೋಗುತ್ತವೆ. ದಕಾರ ಧಕಾರಗಳ ಭೇದ ಒಂದು ಕಿರುಗೆರೆಯನ್ನು ಅವಲಂಬಿಸಿರುವ ಲಿಪಿಯಲ್ಲಿ ಇದು ಪಾಠನಿರ್ಣಯವೇ ಹೊರತು ಕೇವಲ ಚಿತ್ರಸಂಸ್ಕಾರವಲ್ಲ. ಲಿಪಿಯನ್ನರಿಯದ ಯಂತ್ರಜ್ಞನೊಬ್ಬನು ಅರಿವಿಲ್ಲದೆಯೇ ಸಂಪಾದಕನ ಸ್ಥಾನದಲ್ಲಿ ಕುಳಿತಂತಾಗುತ್ತದೆ.

ಹಾಗಾದರೆ ಅವಕೆಂಪು ಚಿತ್ರವನ್ನು ತಿರಸ್ಕರಿಸಬೇಕೆ? ಖಂಡಿತ ಇಲ್ಲ. ಜೈನ ನ್ಯಾಯದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ನಯ, ಪ್ರಮಾಣವಲ್ಲ. ವಸ್ತುವಿನ ಒಂದು ಅಂಶವನ್ನು ಅದು ಸತ್ಯವಾಗಿಯೇ ಗ್ರಹಿಸುತ್ತದೆ: ಗರಿಯ ಮೇಲೆ ಇಂಗಾಲ ಎಲ್ಲಿದೆ ಎಂಬುದನ್ನು. ಉಳಿದ ಅಂಶಗಳ ವಿಷಯದಲ್ಲಿ ಅದು ಉದಾಸೀನ. ಉದಾಸೀನವಾಗಿರುವವರೆಗೆ ಅದು ಸುನಯ. ತಾನು ತೋರಿಸದುದು ಗರಿಯಲ್ಲಿಯೇ ಇಲ್ಲವೆಂದು ಅದರ ಹೆಸರಿನಲ್ಲಿ ಸಾಧಿಸಹೊರಟರೆ ದುರ್ನಯ. ಸಾಮಾನ್ಯ ಬೆಳಕಿನ ವರ್ಣಚಿತ್ರ, ಓರೆ ಬೆಳಕಿನ ಚಿತ್ರ, ಅತಿನೇರಳೆ ಚಿತ್ರ ಇವೂ ಒಂದೊಂದು ನಯಗಳೇ. ಇವುಗಳ ಪರಸ್ಪರ ಸಾಪೇಕ್ಷತೆಯಿಂದ ಮಾತ್ರ ಗರಿಯ ಸಮಗ್ರ ಜ್ಞಾನಕ್ಕೆ ಸಮೀಪವಾದ ಅರಿವು ಸಾಧ್ಯ.

ಈ ದೃಷ್ಟಿಯಿಂದ ಸಂಪಾದನಕಾರ್ಯದಲ್ಲಿ ಕೆಲವು ನಿಯಮಗಳು ಅವಶ್ಯಕ. ಅವಕೆಂಪು ಚಿತ್ರದ ಜೊತೆಗೆ, ಗರಿಯನ್ನು ಕದಲಿಸದೆ, ಸಾಮಾನ್ಯ ಬೆಳಕಿನ ವರ್ಣಚಿತ್ರವೊಂದನ್ನು ಅದೇ ಅಳತೆಯಲ್ಲಿ ತೆಗೆದಿಡತಕ್ಕದ್ದು. ಯಾವ ಶೋಧಕ, ಯಾವ ಬೆಳಕು, ಯಾವ ಬಣ್ಣದ ಹಾಸು ಎಂಬುದನ್ನು ಪ್ರತಿಯ ವಿವರಣೆಯಲ್ಲಿ ನಮೂದಿಸತಕ್ಕದ್ದು. ಸಂಸ್ಕಾರಗೊಳ್ಳದ ಮೂಲಚಿತ್ರವನ್ನು ಸಂಸ್ಕರಿಸಿದ ಚಿತ್ರದೊಡನೆ ಕಾಯ್ದಿಡತಕ್ಕದ್ದು. ಅವಕೆಂಪಿನಲ್ಲಿ ಮಾತ್ರ ಕಂಡ ಪಾಠಕ್ಕೆ ಪಾಠಾಂತರಸೂಚಿಯಲ್ಲಿ ಪ್ರತ್ಯೇಕ ಸಂಕೇತವಿರತಕ್ಕದ್ದು. ಅದನ್ನು ಗರಿಯಲ್ಲಿ ಕಣ್ಣಾರೆ ಕಂಡ ಪಾಠದೊಡನೆ ಬೆರೆಸಕೂಡದು. ರಂಧ್ರ, ತಿದ್ದುಪಡಿ, ಬಿಂದು ಇವುಗಳ ಸಂಶಯವಿದ್ದಲ್ಲಿ ಲಿಪಿಜ್ಞರು ಮೂಲದ ಗರಿಯನ್ನೇ ನೋಡಿ ಸಹಿಹಾಕಿದ ಟಿಪ್ಪಣಿಯಿರುವುದು ಯುಕ್ತ.

ಚಿತ್ರಗ್ರಹಣದ ವಿಧಾನದಲ್ಲಿಯೂ ಎಚ್ಚರ ಬೇಕು. ಅವಕೆಂಪು ಕಿರಣಗಳು ಮಸೂರದಲ್ಲಿ ಕೇಂದ್ರೀಕರಿಸುವ ಸ್ಥಾನ ಕಣ್ಣಿಗೆ ಕಾಣುವ ಬೆಳಕಿನದಕ್ಕಿಂತ ಭಿನ್ನ. ಶೋಧಕವನ್ನು ತೊಡಿಸಿದ ಬಳಿಕ ಸ್ಫುಟತೆಯನ್ನು ಮತ್ತೆ ಸರಿಪಡಿಸದಿದ್ದರೆ ಅಕ್ಷರದ ಅಂಚು ಮಬ್ಬಾಗುತ್ತದೆ. ಕೆಲವು ಮಸೂರಗಳು ಚಿತ್ರದ ನಡುವೆ ಬಿಳಿಯ ಮಚ್ಚೆಯನ್ನುಂಟುಮಾಡುತ್ತವೆ. ಅಂಥವು ಈ ಕಾರ್ಯಕ್ಕೆ ವರ್ಜ್ಯ. ಸಾಮಾನ್ಯ ಬಿಳಿಯ ಎಲ್‌ಇಡಿ ದೀಪದಲ್ಲಿ ಅವಕೆಂಪು ಅತ್ಯಲ್ಪ. ಹ್ಯಾಲೊಜನ್ ದೀಪದಲ್ಲಿ ಅದು ಹೇರಳ, ಆದರೆ ಅದರ ಶಾಖ ಒಣಗಿದ ಗರಿಗೆ ಅಪಾಯಕರ. ೮೫೦ ಅಥವಾ ೯೪೦ ನ್ಯಾನೋಮೀಟರಿನ ಅವಕೆಂಪು ಎಲ್‌ಇಡಿ ದೀಪಗಳನ್ನು ಬಳಸಿದರೆ ಈ ಶಾಖದ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಈ ನಿಯಮಗಳಿಂದ ವೆಚ್ಚವೂ ಶ್ರಮವೂ ಹೆಚ್ಚುವುದೆಂಬ ಆಕ್ಷೇಪ ಬರಬಹುದು. ಆದರೆ ಸುರುಳಿಗಟ್ಟಿ ಬಿರುಸಾದ ಗರಿಯನ್ನು ಎಷ್ಟು ಸಲ ಬಿಡಿಸಿ ಚಪ್ಪಟೆಯಾಗಿಡಬಹುದೆಂಬುದಕ್ಕೆ ಮಿತಿಯುಂಟು. ಒಂದು ಕಟ್ಟನ್ನು ಭಂಡಾರದಿಂದ ಹೊರತೆಗೆಯಲು ಅನುಮತಿ ದೊರೆಯುವುದೂ ಅಪರೂಪ. ಒಮ್ಮೆ ಬಿಡಿಸಿದಾಗ ಅವಕೆಂಪು ಚಿತ್ರವೊಂದನ್ನೇ ತೆಗೆದು ಕಟ್ಟಿಟ್ಟರೆ, ಮತ್ತೆ ಬಿಡಿಸುವ ಹೊತ್ತಿಗೆ ಕೆಂಪು ದಂಡವಾಗಲಿ ಹರಿತಾಳದ ಗುರುತಾಗಲಿ ಉಳಿದಿರುವುದೆಂಬ ಭರವಸೆ ಏನೂ ಇಲ್ಲ. ‘ಸಂಜದ’ ಪದದ ವಿವಾದದಲ್ಲಿ ಮರಳಿ ನೋಡುವುದಕ್ಕೆ ಗರಿಯಿತ್ತು. ಮುಂದೆ ಗರಿಗಳು ಜೀರ್ಣವಾದ ಮೇಲೆ ಏಳುವ ವಿವಾದಗಳಿಗೆ ಇಂದು ತೆಗೆಯುವ ಚಿತ್ರಗಳೇ ಸಾಕ್ಷಿಯಾಗಬೇಕಾಗುತ್ತದೆ. ಆ ಸಾಕ್ಷಿ ಗರಿಯ ಒಂದೇ ಮುಖವನ್ನು ಹೇಳುವಂತಹದಾಗದೆ, ಕಂಡುದನ್ನೆಲ್ಲ ಹೇಳುವಂತಹದಾಗಿರುವಂತೆ ನೋಡಿಕೊಳ್ಳುವ ಹೊಣೆ ಭಂಡಾರಗಳ ರಕ್ಷಕರದೂ ಸಂಪಾದಕರದೂ ಆಗಿದೆ.