ಎಷ್ಟು ಉದ್ದ ಅಂತ ಕೇಳಿದ್ದಕ್ಕೆ

ಸಿ ಭಾಷೆಯ ಯಾವ ಟ್ರೇನಿಂಗ್‌ಗೆ ಹೋಗಿ ಕೂತರೂ ಒಂದು ಬುದ್ಧಿಮಾತು ಬಂದೇ ಬರುತ್ತೆ: ಎಸ್‌ಪ್ರಿಂಟ್‌ಎಫ್ ಮುಟ್ಟಬೇಡಿ, ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ. ಟೀಮಿಗೆ ಬಂದ ಹೊಸಬರಿಗೆ ನಾನೂ ವರ್ಷಗಟ್ಟಲೆ ಇದನ್ನೇ ಹೇಳಿದವನು. ಮಾತು ಸುಳ್ಳಲ್ಲ. ಮೊದಲನೆಯದಕ್ಕೆ ಬಫರ್ ಎಷ್ಟು ದೊಡ್ಡದು ಅಂತಾನೇ ಗೊತ್ತಿರಲ್ಲ, ಬರೀತಾ ಬರೀತಾ ಪಕ್ಕದವರ ಹೊಲಕ್ಕೂ ನುಗ್ಗುತ್ತೆ. ಎರಡನೆಯದಕ್ಕೆ ಬದು ಎಲ್ಲಿದೆ ಅಂತ ನಾವೇ ತೋರಿಸಿರ್ತೀವಿ, ಅಲ್ಲಿಗೆ ನಿಲ್ಲುತ್ತೆ. 1999ರ ಸ್ಟ್ಯಾಂಡರ್ಡ್‌ಗೆ ಅದು ಸೇರಿದ್ದು ಒಳ್ಳೇದೇ ಆಯ್ತು. ಆದರೆ ಬುದ್ಧಿಮಾತು ಅರ್ಧಕ್ಕೇ ನಿಂತುಬಿಡುತ್ತೆ ಅನ್ನೋದು ನನ್ನ ತಕರಾರು. ಉಳಿದರ್ಧದಲ್ಲಿ ಜಾರಿ ಬಿದ್ದವನು ನಾನೇ.

ಆ ಫಂಕ್ಷನ್ ವಾಪಸ್ ಕೊಡೋ ಸಂಖ್ಯೆಯನ್ನು ಒಮ್ಮೆ ನೋಡಿ. ಎಷ್ಟು ಬರೆದೆ ಅಂತ ಅದು ಹೇಳೋದಿಲ್ಲ. ಜಾಗ ಸಾಕಷ್ಟು ಇದ್ದಿದ್ದರೆ ಎಷ್ಟು ಬರೀತಿದ್ದೆ ಅಂತ ಹೇಳುತ್ತೆ. ನನ್ನ ಕೋಡ್ ಒಂದು ರಿಪೋರ್ಟಿನ ಸಾಲು ಕಟ್ಟುತ್ತಿತ್ತು. ಶಾಖೆಯ ಹೆಸರು, ಊರು, ಮೊತ್ತ, ಹೀಗೆ ಒಂದೊಂದೇ ಕಾಲಂ ಬರೆಯೋದು, ವಾಪಸ್ ಬಂದ ಸಂಖ್ಯೆಯನ್ನು ಒಟ್ಟು ಉದ್ದಕ್ಕೆ ಕೂಡೋದು, ಬಫರ್‌ನ ಅಳತೆಯಿಂದ ಅದನ್ನು ಕಳೆದು ಉಳಿದ ಜಾಗ ಎಷ್ಟು ಅಂತ ಮುಂದಿನ ಸರದಿಗೆ ಹೇಳೋದು. ಬಫರ್ 512 ಬೈಟ್. ಒಟ್ಟು ಉದ್ದ ಒಂದು ದಿನ 530 ಆಯ್ತು. 512ರಲ್ಲಿ 530 ಹೋದರೆ ಮೈನಸ್ 18 ಅಂತ ನಮ್ಮೂರ ಅಂಗಡಿಯ ಹುಡುಗನೂ ಹೇಳ್ತಾನೆ. ಆದರೆ ಅಳತೆಗೆ ಬಳಸೋ ಸೈಜ್‌-ಟಿ ಅನ್ನೋ ಟೈಪಿಗೆ ಮೈನಸ್ಸೇ ಗೊತ್ತಿಲ್ಲ. ಅದು ಸುತ್ತು ಹೊಡೆದು, 64 ಬಿಟ್ ಯಂತ್ರದಲ್ಲಿ, 18ರ ಮುಂದೆ 18 ಸೊನ್ನೆ ಹಾಕಿದ್ದಕ್ಕಿಂತ ದೊಡ್ಡ ಸಂಖ್ಯೆ ಆಗಿ ಕೂರುತ್ತೆ. ಅಂದರೆ ಕಾವಲಿಗೆ ಇಟ್ಟವನಿಗೆ "ಬದುವೇ ಇಲ್ಲ, ಎಷ್ಟು ಬೇಕಾದ್ರೂ ಬರಿ" ಅಂತ ನಾನೇ ಬರೆದುಕೊಟ್ಟಂತಾಯ್ತು.

ಟೆಸ್ಟಲ್ಲಿ ಯಾಕೆ ಸಿಗಲಿಲ್ಲ? ಟೆಸ್ಟಿನ ಹೆಸರುಗಳೆಲ್ಲ ಇಂಗ್ಲಿಷಲ್ಲಿದ್ದವು, ಅಕ್ಷರಕ್ಕೊಂದು ಬೈಟ್. ಕನ್ನಡದ ಲೆಕ್ಕ ಬೇರೆ. "ಲಕ್ಷ್ಮಿ" ಕಣ್ಣಿಗೆ ಎರಡೇ ಅಕ್ಷರ, ಯೂನಿಕೋಡಿಗೆ ಏಳು ಸಂಕೇತ, ಯುಟಿಎಫ್‌-8ರಲ್ಲಿ 21 ಬೈಟ್. ಗ್ರಾಹಕರೊಬ್ಬರು ಶಾಖೆಗಳ ಹೆಸರನ್ನೆಲ್ಲ ಕನ್ನಡದಲ್ಲಿ ತುಂಬಿಸಿದ ವಾರವೇ ರಾತ್ರಿಯ ರಿಪೋರ್ಟ್ ಬೀಳೋಕೆ ಶುರುವಾಯ್ತು. ಕನ್ನಡದಲ್ಲೂ ಓಡುತ್ತೆ ಅಂತ ಡೆಮೋದಲ್ಲಿ ಎದೆ ತಟ್ಟಿ ಹೇಳಿದವನೂ ನಾನೇ.

ಇದಕ್ಕಿಂತ ನಾಚಿಕೆಯ ವಿಷಯ ಬೇರೆ ಇದೆ. ಆ ಕೋಡಿನ ರಿವ್ಯೂನಲ್ಲಿ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದ ಹುಡುಗಿ ಅದೇ ಸಾಲಿನ ಕೆಳಗೆ ಬರೆದಿದ್ದಳು: "ಇಲ್ಲಿ ಕಳೆದಿದ್ದು ಮೈನಸ್ ಆದರೆ?" ನನ್ನ ಉತ್ತರ ಇವತ್ತಿಗೂ ಅಲ್ಲೇ ಇದೆ: "ಅಷ್ಟು ಉದ್ದದ ಸಾಲು ಯಾರು ಕೊಡ್ತಾರೆ?" ಕೆಳಗೆ ನಗುವ ಮುಖ ಬೇರೆ ಹಾಕಿದೀನಿ.

ಯಾರು ಕೊಡ್ತಾರೆ ಅನ್ನೋದಕ್ಕೆ ನಮ್ಮೆಲ್ಲರ ಲ್ಯಾಪ್‌ಟಾಪಲ್ಲಿರೋ ಗಿಟ್‌ನಲ್ಲೇ ಉತ್ತರ ಇದೆ. 2023ರ ಜನವರಿ 17ಕ್ಕೆ ಗಿಟ್ 2.39.1 ಬಂತು. ಅದರಲ್ಲಿ ಸರಿಮಾಡಿದ ಒಂದು ದೋಷ ಸಿವಿಇ-2022-41903. ಎಕ್ಸ್41 ಅನ್ನೋ ಕಂಪನಿ ನಡೆಸಿದ ಸೆಕ್ಯೂರಿಟಿ ಆಡಿಟ್‌ನಿಂದ ಹೊರಬಂದದ್ದು. ಗಿಟ್ ಲಾಗ್‌ನಲ್ಲಿ ಕಮಿಟ್‌ಗಳನ್ನು ಹೇಗೆ ತೋರಿಸಬೇಕು ಅಂತ ಫಾರ್ಮ್ಯಾಟ್ ಕೊಡಬಹುದಲ್ಲ, ಅದರಲ್ಲಿ ಇಷ್ಟು ಕಾಲಂ ಅಗಲಕ್ಕೆ ಖಾಲಿ ಜಾಗ ತುಂಬು ಅಂತಲೂ ಕೇಳಬಹುದು. ಹಾಗೆ ತುಂಬುವ ಕೋಡು ಸೈಜ್‌-ಟಿಯಲ್ಲಿ ಇರಬೇಕಾದ ಉದ್ದವನ್ನು ಮಾಮೂಲಿ ಇಂಟ್‌ನಲ್ಲಿ ಇಟ್ಟುಕೊಂಡು, ಅದನ್ನೇ ಕೂಡಿಸಿ ಎಲ್ಲಿ ಬರೀಬೇಕು ಅಂತ ನಿರ್ಧರಿಸುತ್ತಿತ್ತು. ಇಂಟ್‌ನ ಗರಿಷ್ಠ ಮಿತಿ 2,14,74,83,647. ಅದನ್ನು ದಾಟಿಸಿದರೆ ಬರೆಯೋದು ನಮ್ಮದಲ್ಲದ ಜಾಗಕ್ಕೆ.

ಅಷ್ಟು ಅಗಲದ ಕಾಲಂ ಯಾವ ಪುಣ್ಯಾತ್ಮ ಕೇಳ್ತಾನೆ ಅಂತ ಇಲ್ಲೂ ಅನಿಸುತ್ತೆ. ಆದರೆ ಫಾರ್ಮ್ಯಾಟ್ ಕೊಡೋರು ನಾವೇ ಆಗಿರಬೇಕಿಲ್ಲ. ರೆಪಾಸಿಟರಿಯೊಳಗಿನ ಫೈಲಿನಲ್ಲೇ ಅದನ್ನು ಬರೆದಿಟ್ಟು, ಗಿಟ್ ಆರ್ಕೈವ್ ಓಡಿದಾಗ ತಾನಾಗಿ ಬಿಚ್ಚಿಕೊಳ್ಳುವ ಹಾಗೆ ಗುರುತು ಹಾಕೋ ಸೌಲಭ್ಯ ಮೊದಲಿನಿಂದಲೂ ಇದೆ. ಜಿಪ್ ಡೌನ್‌ಲೋಡ್ ಕೊಡಲು ಆ ಕಮಾಂಡನ್ನು ಬಳಸುವ ಸರ್ವರ್ ಇದ್ದರೆ, ಬೇರೆಯವರು ಬರೆದ ಅಗಲ ಆ ಸರ್ವರ್ ಮೇಲೇ ಓಡುತ್ತೆ.

ಇದನ್ನು ಓದುವಾಗ ನಮ್ಮೂರಲ್ಲಿ ಬಾಗಿಲು ಮಾಡ್ತಿದ್ದ ಆಚಾರ್ರು ನೆನಪಾದರು. ಗೋಡೆಗೆ ಹಿಡಿದ ಕಡ್ಡೀನೇ ಮರದ ಮೇಲೂ ಇಟ್ಟು ಗೀಟು ಎಳೀತಿದ್ರು. ಟೇಪ್ ಇರಲಿಲ್ಲ ಅಂತಲ್ಲ, ಜೇಬಲ್ಲೇ ಇತ್ತು. "ನಂಬರ್ ಓದೋನು ಒಬ್ಬ, ಕೇಳಿಸ್ಕಂಡು ಕುಯ್ಯೋನು ಒಬ್ಬ ಆದ್ರೆ ಮರ ಹಾಳು ಕಣೋ" ಅನ್ನೋರು. ನಾವು ಮಾಡೋದು ಅದನ್ನೇ. ಬಫರ್‌ನ ಅಳತೆ ಸೈಜ್‌-ಟಿಯಲ್ಲಿ, ವಾಪಸ್ ಬರೋ ಉದ್ದ ಇಂಟ್‌ನಲ್ಲಿ, ಎರಡನ್ನೂ ಕೂಡಿ ಕಳೆಯೋ ಕೆಲಸ ಆ ಫಂಕ್ಷನ್ ಕರೆಯುವ ಪ್ರತಿಯೊಬ್ಬನ ತಲೆಗೆ. ತಪ್ಪಾದರೆ ಇಂಟ್‌ನಲ್ಲಿ ಮೈನಸ್ ಬರುತ್ತೆ ಅನ್ನೋದು ಇನ್ನೊಂದು. ಅದನ್ನು ನೋಡದೆ ಒಂದು ಕೂಡಿಸಿ ಮೆಮೊರಿ ಕೇಳೋ ಕೋಡು ನಾನು ನೋಡಿರೋದಕ್ಕೆ ಲೆಕ್ಕವಿಲ್ಲ.

ಹಾಗಾದರೆ ಏನು ಮಾಡೋದು ಅಂದಾಗ ಸಿಗೋ ಸಲಹೆಗಳೂ ಅರೆಬೆಂದವೇ. ಕಂಪೈಲರಿನ ಕನ್ವರ್ಷನ್ ವಾರ್ನಿಂಗ್ ಹಚ್ಚಿ ಅಂತಾರೆ. ಹಳೇ ಕೋಡಿಗೆ ಹಚ್ಚಿದರೆ ಸಾವಿರಗಟ್ಟಲೆ ಸಾಲು ಸುರಿಯುತ್ತೆ, ಜನ ಒಂದೊಂದು ಕ್ಯಾಸ್ಟ್ ಹಾಕಿ ಬಾಯಿ ಮುಚ್ಚಿಸ್ತಾರೆ. ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಜರ್ ಓಡಿಸಿ ಅಂತಾರೆ. ಒಳ್ಳೇ ಸಾಧನ, ಆದರೆ ಮೈನಸ್ ಇಲ್ಲದ ಟೈಪು ಸುತ್ತು ಹೊಡೆಯೋದು ಸಿ ನಿಯಮದ ಪ್ರಕಾರ ತಪ್ಪೇ ಅಲ್ಲ, ಹಾಗಾಗಿ ನನ್ನ 512ರ ಕಳೆಯೋ ಲೆಕ್ಕದ ಬಗ್ಗೆ ಅದು ತಾನಾಗಿ ತುಟಿ ಬಿಚ್ಚಲ್ಲ. ರಸ್ಟ್‌ಗೆ ಹೋಗಿ ಅನ್ನೋರಿಗೆ ನಮಸ್ಕಾರ. ಅಲ್ಲೂ ರಿಲೀಸ್ ಬಿಲ್ಡ್‌ನಲ್ಲಿ ಲೆಕ್ಕ ಸುಮ್ಮನೆ ಸುತ್ತು ಹೊಡೆಯುತ್ತೆ, ಪಕ್ಕದ ಹೊಲಕ್ಕೆ ಮಾತ್ರ ನುಗ್ಗಲ್ಲ. ಅದೇ ದೊಡ್ಡ ಲಾಭ, ಒಪ್ಪಿದೆ. ಆದರೆ ಹದಿನೈದು ವರ್ಷದ ಕೋಡನ್ನು ಯಾರು ಹೊತ್ತು ಹಾಕ್ತಾರೆ?

ಲಿನಕ್ಸ್ ಕರ್ನಲ್‌ನವರು ಎಸ್‌ಸಿಎನ್‌ಪ್ರಿಂಟ್‌ಎಫ್ ಅಂತ ಬೇರೆ ಫಂಕ್ಷನ್ ಇಟ್ಟುಕೊಂಡಿದ್ದಾರೆ, ಅದು ನಿಜವಾಗಿ ಬರೆದಷ್ಟನ್ನೇ ಹೇಳುತ್ತೆ. ಉಳಿದ ಜಾಗ ಮೈನಸ್‌ಗೆ ಹೋಗೋ ಮಾತೇ ಇಲ್ಲ. ಲಾಗ್ ಸಾಲಿಗೆ ಸಾಕು. ನನ್ನ ರಿಪೋರ್ಟಿಗೆ ಸಾಲದು, ಯಾಕಂದರೆ ಸದ್ದಿಲ್ಲದೆ ಕತ್ತರಿಸುತ್ತೆ, ಕನ್ನಡವಾದರೆ ಮೂರು ಬೈಟಿನ ನಡುವೆಯೇ ಕತ್ತರಿ ಬೀಳಬಹುದು.

ಗಿಟ್‌ನವರ ದಾರಿ ನನಗೆ ಹಿಡಿಸಿತು. ಟೈಪುಗಳನ್ನು ತಿದ್ದಿದ್ದಲ್ಲದೆ, ಫಾರ್ಮ್ಯಾಟ್‌ನಲ್ಲಿ ಕೇಳಬಹುದಾದ ಅಗಲಕ್ಕೇ 16 ಕಿಲೋಬೈಟ್‌ನಷ್ಟು, ಅಂದರೆ 16,384ರ ಮಿತಿ ಹಾಕಿದರು. ಮನುಷ್ಯ ಓದೋ ಸಾಲಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ. ಸೈಜ್‌-ಟಿಯಿಂದ ಇಂಟ್‌ಗೆ ಇಳಿಸಲೇಬೇಕಾದ ಕಡೆ, ಹಿಡಿಸದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುವ ಒಂದು ಪುಟ್ಟ ಫಂಕ್ಷನ್ ಇದೆ. ಸುಳ್ಳು ಸಂಖ್ಯೆ ಇಟ್ಟುಕೊಂಡು ಮುಂದೆ ಹೋಗೋದಕ್ಕಿಂತ ಅಲ್ಲೇ ಕುಸಿದು ಕೂರೋದು ವಾಸಿ.

ನಾವೂ ಕೂಡೋ ಕಳೆಯೋ ಲೆಕ್ಕವನ್ನೆಲ್ಲ ಒಂದೇ ಫೈಲಿಗೆ ತಂದೆವು. ಬೇಕಾದಂತೆ ಬೆಳೆಯುವ ಬಫರ್, ಮಿತಿ ದಾಟಿತಾ ಅಂತ ಹೇಳುವ ಕಂಪೈಲರಿನದ್ದೇ ಕೂಡುವ ಸೌಲಭ್ಯ (ಸಿ23ರಲ್ಲಿ ಇದು ಸ್ಟ್ಯಾಂಡರ್ಡ್‌ಗೇ ಬಂದಿದೆ), ಸಾಲಿಗೊಂದು ಗರಿಷ್ಠ ಉದ್ದ. ಉಳಿದವರು ಬರೀ "ಇದನ್ನು ಸೇರಿಸು" ಅಂತಾರೆ, ಉದ್ದ ಎಷ್ಟು ಅಂತ ಯಾರೂ ಕೇಳೋ ಹಾಗಿಲ್ಲ. ಬರೆದವಳು ಅದೇ ಹುಡುಗಿ, ರಿವ್ಯೂ ನನ್ನದು. ಹಳೇ ಮಾದರಿಯ ಸಾಲು ಇನ್ನೆಲ್ಲಿವೆ ಅಂತ ಅವಳು ಹುಡುಕಿದಾಗ 11 ಸಿಕ್ಕವು. ಗಿಟ್ ಬ್ಲೇಮ್ ಹಾಕಿ ನೋಡಿದರೆ ಏಳು ನನ್ನವೇ. ನಾಲ್ಕು ಸರಿಯಾಗಿವೆ, ಮೂರು ಈ ಸ್ಪ್ರಿಂಟ್‌ನಲ್ಲಿ ನನ್ನ ಹೆಸರಿಗೇ ಇವೆ.