ಅತ್ತಿಮಬ್ಬೆಯ ಸ್ವಾಮ್ಯ, ಶ್ರಾವಿಕೆಯ ಮತ

ಜೈನ ಸಮಾಜದಲ್ಲಿ ಸ್ತ್ರೀಯ ಸ್ಥಾನಮಾನವೆಂಬ ವಿಷಯ ಬಂದಾಗಲೆಲ್ಲ ಉಪನ್ಯಾಸಕರು ಅತ್ತಿಮಬ್ಬೆಯ ಹೆಸರಿನಿಂದ ಆರಂಭಿಸಿ ಅವಳ ಹೆಸರಿನಲ್ಲಿಯೇ ಮುಗಿಸುವುದು ವಾಡಿಕೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು, ಲಕ್ಕುಂಡಿಯಲ್ಲಿ ಬಸದಿಯನ್ನು ಎತ್ತಿಸಿದಳು. ಆದುದರಿಂದ ಜೈನರಲ್ಲಿ ಸ್ತ್ರೀಗೆ ಸಾವಿರ ವರ್ಷಗಳ ಹಿಂದೆಯೇ ಸಮಾನತೆಯಿತ್ತು, ಮತದ ಹಕ್ಕು, ಆಸ್ತಿಯ ಹಕ್ಕು ಎಂಬ ಚಳವಳಿಗಳು ಪಾಶ್ಚಾತ್ಯರಿಗೆ ಬೇಕಾಗಿದ್ದುವೇ ಹೊರತು ಇವರಿಗಲ್ಲ. ಇದು ವಾದದ ಸರಣಿ. ಕೇಳಲು ಹಿತವಾದ ಈ ವಾದವು ರನ್ನನ ಕಾವ್ಯವನ್ನು ಅರ್ಧ ಮಾತ್ರ ಓದಿದುದರ ಫಲ.

ಕ್ರಿ.ಶ. 993ರಲ್ಲಿ ರಚಿತವಾದ ಅಜಿತಪುರಾಣಕ್ಕೆ ಅತ್ತಿಮಬ್ಬೆಯೇ ಆಶ್ರಯದಾತೆ. ಅವಳ ಶುಚಿತ್ವವನ್ನು ಹೊಗಳುವ ಪದ್ಯವನ್ನು ಬಲ್ಲವರೆಲ್ಲ ಬಾಯಿಪಾಠ ಹೇಳುತ್ತಾರೆ. ಆದರೆ ಇಷ್ಟು ದಾನ ಮಾಡಿದವಳ ಕೈಯಲ್ಲಿ ದ್ರವ್ಯ ಯಾವ ಅಧಿಕಾರದಿಂದ ಬಂದಿತು ಎಂದು ಕೇಳುವವರು ವಿರಳ. ದಾನವೆಂದರೆ ತನ್ನ ಸ್ವತ್ತಿನ ತ್ಯಾಗ. ಪರರ ಸ್ವತ್ತನ್ನು ಕೊಟ್ಟರೆ ಅದು ದಾನವಾಗದು. ಅಣುವ್ರತಗಳಲ್ಲಿ ಮೂರನೆಯದಕ್ಕೇ ಭಂಗ ಬಂದೀತು. ಅಂಗಡಿಯ ಖಾತೆಯಲ್ಲಿ ಖರ್ಚಿನ ಬಾಬತ್ತು ಕಂಡರೆ ಅದಕ್ಕೆ ಮೊದಲು ಜಮೆ ಎಲ್ಲಿಯದೆಂದು ನೋಡುವಂತೆ, ಅತ್ತಿಮಬ್ಬೆಯ ದಾನದ ಹಿಂದೆ ಅವಳ ಸ್ವಾಮ್ಯವನ್ನು ಕಾಣಬೇಕು. ಆಶ್ರಿತ ಕವಿಯ ಪ್ರಶಂಸೆಯಲ್ಲಿ ಲೆಕ್ಕಪತ್ರ ಹುಡುಕುವುದು ಅರಸಿಕತೆ ಎನ್ನುವವರಿದ್ದಾರೆ. ರನ್ನನೇ ಬಳೆಗಾರರ ಕುಲದಲ್ಲಿ ಹುಟ್ಟಿದವನು. ಈ ಪ್ರಶ್ನೆಗೆ ಅವನು ಮುನಿಯಲಾರ.

ಕಾವ್ಯವೇ ಇನ್ನೊಂದು ಸುಳಿವನ್ನು ಕೊಡುತ್ತದೆ. ದಂಡನಾಯಕ ನಾಗದೇವನಿಗೆ ಅತ್ತಿಮಬ್ಬೆ ಮತ್ತು ಅವಳ ತಂಗಿ ಗುಂಡಮಬ್ಬೆ ಇಬ್ಬರೂ ಪತ್ನಿಯರು. ಅವನು ಮಡಿದಾಗ ತಂಗಿ ಸಹಗಮನ ಮಾಡಿದಳು; ಅಕ್ಕ ಮಗ ಅಣ್ಣಿಗದೇವನನ್ನು ಸಾಕುತ್ತ, ವ್ರತನಿಯಮಗಳನ್ನು ಪಾಲಿಸುತ್ತ ಬದುಕಿದಳು. ಸಾವಿರ ಪ್ರತಿಗಳ ಪುಣ್ಯವನ್ನು ಸಂಪಾದಿಸಿದವಳು ಬದುಕಿ ಉಳಿದ ವಿಧವೆ. ಅವಳ ಕೈಯಲ್ಲಿ ಸ್ವತ್ತು ಇಲ್ಲದಿದ್ದರೆ ಶಾಂತಿಪುರಾಣದ ಒಂದು ಗರಿಯೂ ಪ್ರತಿಯಾಗುತ್ತಿರಲಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ ಬಂದಳಿಕೆಯ ಜಕ್ಕಿಯಬ್ಬೆಯು ಪತಿಯ ಮರಣಾನಂತರ ನಾಗರಖಂಡ ಎಪ್ಪತ್ತರ ಆಡಳಿತವನ್ನು ವಹಿಸಿಕೊಂಡು, ಕೊನೆಗೆ ಸಲ್ಲೇಖನದಿಂದ ದೇಹವಿಟ್ಟುದನ್ನು ಅಲ್ಲಿಯ ಶಾಸನ ಹೇಳುತ್ತದೆ. ಅವಳ ವಿಷಯದಲ್ಲಿಯೂ ಸಲ್ಲೇಖನವನ್ನು ನೆನೆದಷ್ಟು ಆಡಳಿತವನ್ನು ನೆನೆಯುವುದಿಲ್ಲ.

ಈ ಸ್ವಾಮ್ಯಕ್ಕೆ ಶಾಸ್ತ್ರಾಧಾರವೂ ಇತ್ತು. ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಗ್ರಂಥಗಳು ವಿಧವೆಯನ್ನು ಪತಿಯ ಸ್ವತ್ತಿನ ಒಡತಿಯೆಂದೇ ಎಣಿಸುತ್ತವೆ. ಬ್ಯಾರಿಸ್ಟರ್ ಚಂಪತರಾಯ ಜೈನರು 1926ರಲ್ಲಿ ಈ ಗ್ರಂಥಗಳ ನಿಯಮಗಳನ್ನು ಒಂದೆಡೆ ಕೂಡಿಸಿ ಪ್ರಕಟಿಸಿದರು. ಅದಕ್ಕೂ ಮೊದಲೇ, 1878ರಲ್ಲಿ, ದಾಖೋ ಎಂಬ ಉತ್ತರ ಭಾರತದ ಜೈನ ವಿಧವೆಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ಆಕೆಯ ಪಂಗಡದ ರೂಢಿಯನ್ನು ಒಪ್ಪಿ, ಪತಿಯ ಸ್ವಾರ್ಜಿತದ ಮೇಲೆ ವಿಧವೆಗೆ ಪೂರ್ಣ ಹಕ್ಕುಂಟು, ಪತಿಯ ಅನುಮತಿಯಿಲ್ಲದೆಯೂ ದತ್ತು ಸ್ವೀಕರಿಸಬಹುದು ಎಂದು ತೀರ್ಪಿತ್ತಿತು. ಆದರೆ ರೂಢಿಯೆಂದು ಸಾಕ್ಷ್ಯದಿಂದ ಸ್ಥಾಪಿಸಲಾಗದ ಕಡೆ ಜೈನರಿಗೂ ಸಾಮಾನ್ಯ ಹಿಂದೂ ನ್ಯಾಯವೇ ಅನ್ವಯಿಸಿತು. ಗ್ರಂಥಭಂಡಾರದಲ್ಲಿ ಬೀಗ ಹಾಕಿಟ್ಟ ನೀತಿಯನ್ನು ನ್ಯಾಯಾಧೀಶರು ಕಾಣುವುದಾದರೂ ಹೇಗೆ? ಹೀಗೆ ಶ್ರಾವಿಕೆಯು ತನ್ನ ಶಾಸ್ತ್ರವೇ ಕೊಟ್ಟಿದ್ದುದನ್ನು ಕಳೆದುಕೊಂಡಳು.

ಮತದ ಹಕ್ಕಿನ ಚರಿತ್ರೆಯು ಈ ಸ್ವಾಮ್ಯದ ಚರಿತ್ರೆಗೆ ಗಂಟುಬಿದ್ದಿದೆ. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯಿಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವು ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡು ಮತಾಧಿಕಾರ ಕೇಳಿತು. ಮದರಾಸು, ಮುಂಬಯಿ ಪ್ರಾಂತ್ಯಗಳು 1921ರಲ್ಲಿ ಅದನ್ನು ಒಪ್ಪಿದುವು. ಮೈಸೂರು ಸಂಸ್ಥಾನದಲ್ಲಿ ಬ್ರಜೇಂದ್ರನಾಥ ಸೀಲರ ಸಮಿತಿಯ ವರದಿಯ ಬಳಿಕ, 1923ರ ಸುಧಾರಣೆಗಳೊಡನೆ, ಸ್ತ್ರೀಯೆಂಬ ಕಾರಣಕ್ಕೆ ಮತ ನಿರಾಕರಿಸುವುದು ನಿಂತಿತು. ಆದರೆ ಅಂದಿನ ಮತವು ವಯಸ್ಸಿಗೆ ದೊರೆತುದಲ್ಲ. ಕಂದಾಯಕ್ಕೆ, ತೆರಿಗೆಗೆ, ಸ್ವತ್ತಿಗೆ ದೊರೆತುದು. ಅವಿಭಕ್ತ ಕುಟುಂಬದ ಪಟ್ಟೆ ಗಂಡಸರ ಹೆಸರಿನಲ್ಲಿದ್ದಾಗ ಹೆಂಗಸಿಗೆ ಬಂದ ಮತವು ಕಾಗದದ ಮೇಲಿನ ಮತವೇ ಸರಿ.

ಆದುದರಿಂದ ಮೈಸೂರಿನ ನಿಜವಾದ ಹೆಜ್ಜೆಯನ್ನು 1933ರ ಹತ್ತನೆಯ ಕಾಯಿದೆಯಲ್ಲಿ, ಅಂದರೆ ಹಿಂದೂ ನ್ಯಾಯದಲ್ಲಿ ಸ್ತ್ರೀಯರ ಹಕ್ಕುಗಳ ಕಾಯಿದೆಯಲ್ಲಿ, ಕಾಣಬೇಕು. ವಿಭಾಗವಾಗುವಾಗ ತಾಯಿಗೆ, ವಿಧವೆಗೆ, ಅವಿವಾಹಿತ ಮಗಳಿಗೆ ಅದು ಪಾಲು ಕೊಟ್ಟಿತು; ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಅಂದು ಕೋಲಾರ ಜಿಲ್ಲೆಯ, ಮೈಸೂರು ಸಂಸ್ಥಾನದ ಗ್ರಾಮ. ಅಲ್ಲಿಂದ ಬಹುದೂರವಲ್ಲದ ಚಿತ್ತೂರು ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಗಡಿಯ ಈಚೆಗೆ ವಿಧವೆಗೆ ಪಾಲುಂಟು, ಆಚೆಗೆ ಅಶನವಸ್ತ್ರ ಮಾತ್ರ. ಬ್ರಿಟಿಷ್ ಇಂಡಿಯಾದ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ 1937ರಲ್ಲಿ ಬರುವವರೆಗೂ ಇದೇ ಸ್ಥಿತಿ. ಅತ್ತಿಮಬ್ಬೆಯನ್ನು ಕೊಂಡಾಡುವ ಸಭೆಗಳಲ್ಲಿ ಈ ಕಾಯಿದೆಯ ಹೆಸರು ಕೇಳಿಬಾರದಿರುವುದು ಸೋಜಿಗ. ಮಗಳನ್ನು ಪಿತ್ರಾರ್ಜಿತದಲ್ಲಿ ಸಹಭಾಗಿಯನ್ನಾಗಿ ಮಾಡಿದ 1994ರ ಕರ್ನಾಟಕದ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, ಎರಡೂ ಅದೇ ದಾರಿಯಲ್ಲಿ ಬಂದವು.

ತುಳುನಾಡಿನ ಉದಾಹರಣೆ ಇನ್ನೂ ತೀಕ್ಷ್ಣವಾದುದು. ಅಲ್ಲಿಯ ಜೈನ ಮನೆತನಗಳಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಉಳ್ಳಾಲದ ಚೌಟರ ಅಬ್ಬಕ್ಕ ಗದ್ದುಗೆಯೇರಿದ್ದು ಆ ಕಟ್ಟಿನ ಬಲದಿಂದ. ಕುಟುಂಬದ ಸ್ವತ್ತು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿದ್ದ ಆ ನಾಡಿನಲ್ಲಿ ಕೂಡ 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅಲ್ಪ ಮತಗಳಿಂದ ಸೋತರು. ಮನೆಯಲ್ಲಿ ಮನ್ನಣೆಯಿದ್ದ ಮಾತ್ರಕ್ಕೆ ಸಭೆಯಲ್ಲಿ ಸ್ಥಾನ ತಾನಾಗಿ ಬರುವುದಿಲ್ಲ.

ಸ್ತ್ರೀಗೆ ಅದೇ ಭವದಲ್ಲಿ ಮೋಕ್ಷವುಂಟೆ ಎಂಬ ಹಳೆಯ ಚರ್ಚೆಯನ್ನು ಇಲ್ಲಿಗೆ ಎಳೆದುತರುವವರೂ ಇದ್ದಾರೆ. ದಿಗಂಬರಾಚಾರ್ಯರು ಇಲ್ಲವೆಂದರು, ಒಂಬತ್ತನೆಯ ಶತಮಾನದಲ್ಲಿ ಯಾಪನೀಯರ ಶಾಕಟಾಯನನು ಉಂಟೆಂದು ಸ್ತ್ರೀನಿರ್ವಾಣ ಪ್ರಕರಣವನ್ನೇ ಬರೆದನು. ಆ ವಾದ ಸಿದ್ಧಾಂತದ್ದು, ತೀರ್ಮಾನ ಏನೇ ಇರಲಿ. ಬಸದಿಯ ಗೋಡೆಗೆ ಸುಣ್ಣ ಬಳಿಸುವ ಖರ್ಚನ್ನು ಮಂಜೂರು ಮಾಡಲು ಕೇವಲಜ್ಞಾನ ಬೇಕಾಗಿಲ್ಲ. ಈ ಪಂಚಮಕಾಲದಲ್ಲಿ ಮಂಜೂರು ಮಾಡುವ ಪುರುಷರಿಗೂ ಅದು ಅಲಭ್ಯವೇ. ತೀರ್ಥಂಕರರು ಸ್ಥಾಪಿಸಿದ ಸಂಘದಲ್ಲಿ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂದು ನಾಲ್ಕು ಅಂಗಗಳಿವೆ.

1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಮತದಾರರ ಪಟ್ಟಿಯಿಂದ ಬಿಟ್ಟುಹೋದುವು. ಇಂಥವರ ಪತ್ನಿ, ಇಂಥವರ ತಾಯಿ ಎಂದು ಮಾತ್ರ ಬರೆಯಿಸಿ ಸ್ವಂತ ಹೆಸರನ್ನು ಹೇಳದೆ ಹೋದುದೇ ಕಾರಣ. ಅವರಲ್ಲಿ ಬಹುಪಾಲು ಉತ್ತರದ ರಾಜ್ಯಗಳವರು. ಜೀರ್ಣೋದ್ಧಾರಗೊಂಡ ಜಿನಾಲಯಗಳ ದಾನಿಗಳ ಫಲಕಗಳನ್ನು ಓದಿದವರಿಗೆ ಈ ಬಗೆಯ ಬರವಣಿಗೆ ಅಪರಿಚಿತವಲ್ಲ. ಲಕ್ಕುಂಡಿಯ 1007ರ ಶಾಸನದಲ್ಲಿ ಅತ್ತಿಮಬ್ಬೆ ಅತ್ತಿಮಬ್ಬೆಯಾಗಿಯೇ ಇದ್ದಾಳೆ.

ಮುರುಗಮಲ್ಲವೂ ಸೇರಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2010ರ ತಿದ್ದುಪಡಿಯಂತೆ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲು. ಅಲ್ಲಿ ಪತಿಯೇ ಅಧ್ಯಕ್ಷಗಿರಿ ನಡೆಸುತ್ತಾನೆಂದು ನಗುವವರು ತಮ್ಮ ಬಸದಿಯ ಸದಸ್ಯರ ಪುಸ್ತಕವನ್ನು ಒಮ್ಮೆ ತೆರೆಯಲಿ. ಸದಸ್ಯತ್ವವು 'ಕುಟುಂಬದ ಯಜಮಾನ'ನಿಗೆ ಮಾತ್ರವೆಂದು ಇರುವಲ್ಲಿ ಪಂಚಕಲ್ಯಾಣದ ಸವಾಲಿನಲ್ಲಿ ಹೆಚ್ಚು ಮೊತ್ತ ಕೂಗಿ ಕಲಶ ಪಡೆದ ಶ್ರಾವಿಕೆಗೂ ವಾರ್ಷಿಕ ಸಭೆಯಲ್ಲಿ ಕೈಯೆತ್ತುವ ಅಧಿಕಾರವಿಲ್ಲ. ಅವಳ ಹಣ ಜಮೆಯಾಗುತ್ತದೆ. ಆ ಹಣದ ಲೆಕ್ಕವನ್ನು ಒಪ್ಪುವವರ ಸಾಲಿನಲ್ಲಿ ಅವಳಿಲ್ಲ. ಆಡಳಿತವು ನೋಂದಾಯಿತ ಸಂಘದ್ದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಗೆ ಅನುಸಾರವಾಗಿ ಸರ್ವಸದಸ್ಯರ ಸಭೆಯಲ್ಲಿ ನಿಯಮ ತಿದ್ದಬಹುದು. ಟ್ರಸ್ಟು ಪತ್ರದಿಂದ ನಡೆಯುವುದಾದರೆ ತಿದ್ದುವ ಅಧಿಕಾರ ಪತ್ರದಲ್ಲಿಯೇ ಇದೆಯೆ ಎಂದು ವಕೀಲರಿಂದ ಮೊದಲು ಓದಿಸಬೇಕು. ಬದಲಾಗಬೇಕಾದುದು ಎರಡು ಪದ: 'ಕುಟುಂಬದ ಯಜಮಾನ' ಎಂಬಲ್ಲಿ 'ಹದಿನೆಂಟು ತುಂಬಿದ ಶ್ರಾವಕ ಅಥವಾ ಶ್ರಾವಿಕೆ' ಎಂದು ಬರೆದು, ಅವಳ ಸ್ವಂತ ಹೆಸರಿನಲ್ಲಿಯೇ ಸದಸ್ಯತ್ವದ ರಸೀದಿ ಹರಿಯಬೇಕು.